ತಾರಸಿಯ ಮೇಲೆ ಬತೂಲ್

ನಮ್ಮೂರು ತೆತುವಾನ್‌ನಲ್ಲಿ ಶಾಮಾಬತೂಲ್ ಅಂದರೆ ಒಬ್ಬಳೇ ಹೆಂಗಸು ಎಂದುಕೊಂಡವರು ಎಷ್ಟೋ ಜನ. ನಿಜಕ್ಕೆ ಶಾಮಾ, ಬತೂಲ್ ಇಬ್ಬರು ಕಲಾವಿದೆಯರು. ಒಮ್ಮೆ ಒಂದು ಶಾಲೆಯವರು ಇಬ್ಬರನ್ನೂ ಸನ್ಮಾನಕ್ಕೆ ಕರೆದು ವೇದಿಕೆಯ ಮೇಲೆ ಒಂದೇ ಕುರ್ಚಿ ಹಾಕಿದ್ದರು. ಶಾಮಾ ಅದರಲ್ಲಿ ಕುಳಿತಳು. ಬತೂಲ್ ಕೆಳಗಿಳಿದು ನನ್ನ ಪಕ್ಕ ಬಂದು, "ಇರ್ಲಿ ಬಿಡು ರಹಿಮೊ, ಇಲ್ಲಿ ಕೂತ್ರೆ ತಿಂಡಿ ತಟ್ಟೆ ಹತ್ರ" ಅಂದಳು. ನಾನು ಅವರ ಗ್ಯಾಲರಿಯ ಬೀಗದ ಕೈ ಇಟ್ಟುಕೊಂಡವಳು, ನೆಲ ಒರೆಸಿ ಚಹಾ ಕಾಯಿಸುವವಳು. ನನಗೆ ನಗು ಬರಲಿಲ್ಲ.

ಅವರ ಕೆಲಸ ಹೀಗೆ. ನಮ್ಮ ಹಳೆಪೇಟೆಯ ಮನೆಗಳಿಗೆ ಬೀದಿಯ ಕಡೆ ಕಿಟಕಿ ಇಲ್ಲ, ಬೆಳಕೇನಿದ್ದರೂ ಮನೆ ನಡುವಿನ ಅಂಗಳದ ಮೇಲಿನ ತೆರಪಿನಿಂದ ಬರಬೇಕು. ಬತೂಲ್ ತಾರಸಿಯಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಆ ತೆರಪಿನಿಂದ ಒಳಗೋಡೆಗೆ ಬೀಳಿಸುತ್ತಾಳೆ. ಸೂರ್ಯ ಸರಿದಂತೆ ಬಿಸಿಲಿನ ತುಂಡು ಗೋಡೆಯ ಮೇಲೆ ನಡೆಯುತ್ತದೆ. ಶಾಮಾ ಇದ್ದಿಲು ಹಿಡಿದು ಅದರ ಹಿಂದೆಯೇ ಗೆರೆ ಎಳೆಯುತ್ತಾಳೆ. ಆ ಮನೆಗೆ, ಆ ಹೊತ್ತಿಗೆ, ಅದೊಂದೇ ಗೆರೆ.

ಇದು ಶುರುವಾದದ್ದು ಇಬ್ಬರೂ ಚಿತ್ರಕಲಾ ಶಾಲೆಯಲ್ಲಿದ್ದಾಗ. ಬತೂಲ್ ತನ್ನ ತಾಯಿಯ ಬೀರುವಿನ ಕನ್ನಡಿ ಬಿಚ್ಚಿಕೊಂಡು ಬಂದಳು. "ನಿನ್ನ ಕೈ ಕಲ್ಲು ಕಣೇ, ಚೂರೂ ನಡುಗಲ್ಲ" ಎಂದು ಶಾಮಾ ಹೊಗಳಿದಳು. ಆ ಒಂದು ಹೊಗಳಿಕೆಯಲ್ಲಿ ಇಪ್ಪತ್ತಾರು ವರ್ಷ ಹೋಯಿತು. ಲರಾಶ್‌ನಲ್ಲಿ ಬತೂಲಳಿಗೆ ಮೇಷ್ಟರ ಕೆಲಸ ಸಿಕ್ಕಿತ್ತು, ಆಗ ಶಾಮಾ ಗೆರೆ ಎಳೆಯಲು ಹೊಸ ಮನೆ ಹಿಡಿದಿದ್ದಳು, ಬತೂಲ್ ಹೋಗಲಿಲ್ಲ. ಶಫ್‌ಶಾವೆನ್‌ನಿಂದ ಒಬ್ಬ ವಿಧುರ ಹೆಣ್ಣು ಕೇಳಿ ಬಂದ, ಆಗಲೂ ಯಾವುದೋ ಗೋಡೆ ಅರ್ಧಕ್ಕೆ ನಿಂತಿತ್ತು. "ನಾನು ಬಿಟ್ರೆ ಅವಳ ಕೈ ಮುರಿದಂಗೆ" ಅನ್ನುತ್ತಿದ್ದಳು. ತನ್ನ ಕೈ ಏನಾಯಿತು ಎಂದು ಕೇಳಿಕೊಂಡವಳಲ್ಲ. ತಾರಸಿಯಲ್ಲಿ ನಿಂತವಳಿಗೆ ಕೆಳಗಿನ ಗೋಡೆ ಕಾಣದು. ಶಾಮಾಳ ಕೂಗಷ್ಟೇ ಕೇಳುತ್ತದೆ: "ಎಡಕ್ಕೆ! ಇನ್ನೂ ಚೂರು! ಹಾಂ, ಹಂಗೇ ಇರು!"

ಈ ಸಲ ನಮ್ಮ ಗ್ಯಾಲರಿಯಲ್ಲೇ ಇಪ್ಪತ್ತು ದಿನದ ಪ್ರದರ್ಶನ ಎಂದಾದಾಗ ಬತೂಲ್ ನನ್ನೆದುರೇ ಬಾಯಿ ಬಿಟ್ಟು ಕೇಳಿದಳು.

"ಶಾಮಾ, ಈ ಸಲ ನಾನು ಕೆಳಗೆ ನಿಲ್ತೀನಿ. ಬಿಸಿಲು ಬಂದು ಗೆರೆ ಮೇಲೆ ಕೂರೋದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು."

"ನೋಡು ಮಾರಾಯ್ತಿ, ಯಾರು ಬೇಡ ಅಂದ್ರು? ಕನ್ನಡಿ ಹಿಡಿಯೋರು ಯಾರು ಹೇಳು?"

"ಬಡಗಿ ಹತ್ರ ಸ್ಟ್ಯಾಂಡ್ ಮಾಡಿಸಿದೀನಿ."

ಆಗಲಿ ಅಂದಳು ಶಾಮಾ. ರಂಜಾನಿನ ಕೊನೆಯ ಮೂರು ದಿನ ಗೆರೆ ಎಳೆದದ್ದು. ಹನ್ನೊಂದಕ್ಕೆ ಕಂಬದ ಬಳಿ ಹೊರಟ ಬಿಸಿಲು ಹನ್ನೆರಡಕ್ಕೆ ಮೂಲೆ ಮುಟ್ಟುತ್ತಿತ್ತು. ಗಾಳಿಗೆ ಸ್ಟ್ಯಾಂಡ್ ಅಲುಗದಂತೆ ಉಪವಾಸದ ಬಾಯಲ್ಲಿ ಮೇಲೆ ಕಾವಲು ಕೂತವಳು ಮತ್ತೆ ಬತೂಲಳೇ. ಹಬ್ಬ ಕಳೆದು ವಾರಕ್ಕೆ ಪ್ರದರ್ಶನ, ಅಷ್ಟರಲ್ಲಿ ಸೂರ್ಯ ಎಷ್ಟು ಬೆರಳು ಜರುಗುತ್ತಾನೆ ಎಂದು ಶಾಮಾ ಲೆಕ್ಕ ಹಾಕಿ ಗೆರೆ ತಿದ್ದಿದಳು. ಆಮಂತ್ರಣದಲ್ಲಿ ಹನ್ನೊಂದು ಗಂಟೆ ಎಂದು ಅಚ್ಚಾಯಿತು.

ಪ್ರದರ್ಶನ ಶುರುವಾಗುವ ಮಂಗಳವಾರ ಬತೂಲ್ ಹಸಿರು ಕಫ್ತಾನು ತೊಟ್ಟು ಎಲ್ಲರಿಗಿಂತ ಮೊದಲು ಬಂದಳು. ಗೋಡೆಯೆದುರು ಅಲ್ಲಿ ನಿಂತಳು, ಇಲ್ಲಿ ನಿಂತಳು. "ಇಲ್ಲಿಂದ ಪೂರ್ತಿ ಕಾಣತ್ತೇನೇ?" ಎಂದು ನನ್ನನ್ನು ಮೂರು ಸಲ ಕೇಳಿದಳು. ಮದುವೆಗೆ ಹೊರಟವಳ ಮುಖ ಅವಳದು. ಜನ ಸೇರಿದರು, ರಬಾತ್‌ನಿಂದ ದೊಡ್ಡ ಅಧಿಕಾರಿಯೊಬ್ಬರು ಬಂದರು. ಹನ್ನೊಂದು ಹೊಡೆಯಿತು. ಗೆರೆಯ ಮೇಲೆ ಏನೂ ಇಲ್ಲ. ಬಿಸಿಲು ಹೋಗಿ ಬಾಗಿಲ ಮೇಲಿನ ಕರೆಂಟ್ ಮೀಟರಿನ ಮೇಲೆ ಕುಳಿತಿತ್ತು.

"ಬಿಲ್ ಓದ್ತಿದಾನೆ ಸೂರ್ಯ!" ಎಂದು ಯಾರೋ ಹಿಂದಿನಿಂದ ಅಂದರು. ಜನ ಗೊಳ್ಳೆಂದು ನಕ್ಕರು.

ನನಗೆ ತಟ್ಟನೆ ಹೊಳೆಯಿತು. ನಮ್ಮ ದೇಶದಲ್ಲಿ ರಂಜಾನ್ ತಿಂಗಳಿಗೆಂದು ಒಂದು ಗಂಟೆ ಹಿಂದಕ್ಕಿಡುವ ಗಡಿಯಾರವನ್ನು ಮೊನ್ನೆ ಭಾನುವಾರ ತಾನೇ ಊರೆಲ್ಲ ಗೊಣಗುತ್ತಾ ಮುಂದಕ್ಕೆ ತಿರುಗಿಸಿದ್ದೆವು. ಸೂರ್ಯನನ್ನು ಯಾರೂ ತಿರುಗಿಸಿರಲಿಲ್ಲ. ಬೆರಳಿನ ಲೆಕ್ಕ ಹಾಕಿದ ಶಾಮಾ ಇಡೀ ಗಂಟೆಯನ್ನೇ ಮರೆತುಬಿಟ್ಟಿದ್ದಳು. "ಗೆರೆ ಎಳೆದದ್ದು ಹಳೇ ಗಂಟೇಲಿ ಕಣೇ!" ಎಂದು ಶಾಮಾಳ ಕಿವಿಯಲ್ಲಿ ಹೇಳಿದೆ. ಅವಳು ನನ್ನತ್ತ ನೋಡಲಿಲ್ಲ, ಬತೂಲಳನ್ನು ನೋಡಿದಳು.

"ಹನ್ನೆರಡರ ತನಕ ಕಾಯೋಣ" ಅಂದಳು ಬತೂಲ್, ಮೆಲ್ಲಗೆ.

"ಸಾಹೇಬ್ರು ಹನ್ನೆರಡಕ್ಕೆ ಹೊರಡ್ತಾರೆ. ಇದೊಂದ್ಸಲ ಮೇಲೆ ಹೋಗಿ ನೀನೇ ಹಿಡಿ ಬತೂಲ್. ನಿನ್ನ ತಲೆಗೆ ಮುತ್ತಿಟ್ಟು ಬೇಡ್ಕೋತೀನಿ."

ಬತೂಲ್ ಗೋಡೆಯನ್ನು ಒಂದು ಸಲ ನೋಡಿದಳು. ಕಫ್ತಾನಿನ ಅಂಚು ಎತ್ತಿ ಹಿಡಿದು ಮೆಟ್ಟಿಲು ಹತ್ತಿದಳು. ಹೋಗಬೇಡ ಅನ್ನಬೇಕಿತ್ತು ನಾನು, ಅನ್ನಲಿಲ್ಲ.

ಸ್ವಲ್ಪ ಹೊತ್ತಿಗೆ, ಕೆಳಗಿನಿಂದ ಕೂಗಿಲ್ಲದೆ ಅವಳ ಕೈಯ ಅಭ್ಯಾಸದಲ್ಲೇ, ಬಿಸಿಲು ಮೀಟರಿನಿಂದ ಇಳಿಯಿತು, ಕಂಬದ ಬಳಿ ಬಂದು ಗೆರೆಯ ತುದಿಯನ್ನು ಮುಟ್ಟಿತು. ಆಮೇಲೆ ನಡೆಯತೊಡಗಿತು. ನಕ್ಕ ಜನ ಗೋಡೆಯ ಹತ್ತಿರ ಸರಿದು ನಿಂತರು. ಇಪ್ಪತ್ತಾರು ವರ್ಷ ಅವಳು ನೋಡದ್ದನ್ನು ಚಹಾ ತಟ್ಟೆ ಹಿಡಿದ ನಾನು ನೋಡಿದೆ. ಚೆಂದವೇ ಇತ್ತು, ಸುಳ್ಳು ಹೇಳಲಾರೆ. ನಾಚಿಕೆಯೂ ಆಯಿತು.

"ಎಷ್ಟು ನಿಖರ! ಯಂತ್ರ ಯಾವ ದೇಶದ್ದು?" ಎಂದು ಅಧಿಕಾರಿ ಕೇಳಿದರು.

"ನಮ್ಮೂರಿದೇ ಸಾರ್" ಅಂದಳು ಶಾಮಾ, ನಗುತ್ತಾ.

ತಟ್ಟೆಯನ್ನು ಅಲ್ಲೇ ಕುಕ್ಕಿ ಮೇಲಕ್ಕೆ ಓಡಿದೆ. ಪಕ್ಕದ ಮನೆಯವರು ಒಣಹಾಕಿದ ಬಟ್ಟೆಗಳ ನಡುವೆ ಬತೂಲ್ ಕನ್ನಡಿ ಎತ್ತಿ ಹಿಡಿದು ನಿಂತಿದ್ದಳು. ಬೆವರು ಕಣ್ಣಿಗಿಳಿಯುತ್ತಿತ್ತು.

"ಹೆಂಗಿದೆಯೇ?" ಎಂದು ಕೇಳಿದಳು, ತಿರುಗದೆ.

"ಚೆನ್ನಾಗಿದೆ."

ಅಷ್ಟರಲ್ಲಿ ಶಾಮಾ ಮೆಟ್ಟಿಲ ತಿರುವಿನ ತನಕ ಬಂದು, ಕೆಳಗಿನವರಿಗೆ ಕೇಳದಂತೆ ದನಿ ತಗ್ಗಿಸಿ ಕರೆದಳು. "ಬತೂಲ್! ಆ ಸ್ಟ್ಯಾಂಡ್ ತೆಗೆದುಬಿಡೇ! ಇಪ್ಪತ್ತು ದಿನಾನೂ ನೀನೇ ಹಿಡಿ, ಎಲ್ರಿಗೂ ತುಂಬಾ ಹಿಡಿಸ್ತು!"

ನನಗೇ ತಡೆಯಲಾಗಲಿಲ್ಲ.

"ಅಲ್ಲಾಡಿಸೇ! ಒಂದೇ ಒಂದ್ಸಲ ಅಲ್ಲಾಡಿಸು. ಮೇಲೊಂದು ಜೀವ ಇದೆ ಅಂತ ಅವರಿಗೂ ಗೊತ್ತಾಗ್ಲಿ."

ಅವಳ ತೋಳನ್ನು ನೋಡಿದೆ. ನರ ಉಬ್ಬಿತ್ತು. ಕನ್ನಡಿ ಮಾತ್ರ ಗೋಡೆಗೆ ಮೊಳೆ ಹೊಡೆದು ಕೂರಿಸಿದ ಹಾಗೆ ನಿಂತಿತ್ತು.

"ಆಗ್ಲಿಂದ ಅಲ್ಲಾಡಿಸೋಕೇ ನೋಡ್ತಿದೀನಿ ರಹಿಮೊ" ಅಂದಳು. "ಕೈ ಕೇಳ್ತಿಲ್ಲ."