ಏರಿನಲ್ಲಿ ತಳ್ಳುವವರು

ನಮ್ಮ ಮೂಡಿಗೆರೆ ಕಡೆ ಸೈಕಲ್ಲಿಗೆ ಸೀಟಿನಷ್ಟೇ ಹ್ಯಾಂಡಲ್ಲೂ ಮುಖ್ಯ. ಬಯಲುಸೀಮೆಯ ಗೆಳೆಯರೇ, ನೀವು ನಗಬಹುದು. ಆದರೆ ಏರು, ಇಳಿಜಾರು ಬಿಟ್ಟರೆ ಮೂರನೆಯದು ಕಾಣದ ಈ ಕಾಫಿ ಗುಡ್ಡಗಳಲ್ಲಿ, ಇಳಿಯುವಾಗ ಸೈಕಲ್ಲು ನಮ್ಮನ್ನು ಹೊರುತ್ತದೆ, ಹತ್ತುವಾಗ ಸೊಪ್ಪಿನ ಚೀಲದ ಸಮೇತ ಅದನ್ನು ನಾವು ತಳ್ಳುತ್ತೇವೆ. ಇದಕ್ಕೆ ಯಾರೂ ನಾಚಿಕೊಳ್ಳುವುದಿಲ್ಲ.

ನಮ್ಮ ಬಡಾವಣೆಯ ಸೈಕಲ್ ಸಂಘ ಕಳೆದ ವರ್ಷವೆಲ್ಲ ಭಾನುವಾರದ ಜಾಥಾ ನಡೆಸಿತು, ತುಳಿಯಲು ಬಾರದವರಿಗೆ ಕಲಿಸಿತು, ಇಲ್ಲದವರಿಗೆ ಬಳಸಲು ಸೈಕಲ್ ಕೊಟ್ಟಿತು. ಇಷ್ಟೆಲ್ಲ ಮಾಡಿ ಸವಾರರು ಹೆಚ್ಚಿದರೇ ಎಂಬುದು ನ್ಯಾಯವಾದ ಪ್ರಶ್ನೆಯೇ. ಜಾಥಾಕ್ಕೆ ಬಂದವರಲ್ಲಿ ಸೈಕಲ್ಲನ್ನು ಜೀಪಿನಲ್ಲಿ ಹೇರಿಕೊಂಡು ಬಂದು, ಉಪ್ಪಿಟ್ಟು ತಿಂದು, ಮತ್ತೆ ಜೀಪಿನಲ್ಲೇ ಹೋದವರೂ ಇದ್ದರು. ಸವಾರರು ಹೆಚ್ಚಿಲ್ಲವೆಂದಾದರೆ ಕೊಟ್ಟ ಸೈಕಲ್ಲುಗಳನ್ನು ವಾಪಸು ಪಡೆಯಬೇಕೆಂದು ಅಧ್ಯಕ್ಷರಾದ ಪ್ಲಾಂಟರ್ ಗಿರಿಯಪ್ಪಗೌಡರ ಹಟ. ಸವಾರರು ಹೆಚ್ಚಿದರೇ ಎಂದು ಪರೀಕ್ಷಿಸಲು ಅವರು ಆರಿಸಿದ್ದು ಸಂಜೆಯ ಹೊತ್ತು, ಕಡಿದಾದ ಏರಿನ ನಡುವಿರುವ ಟೀ ಅಂಗಡಿ! ನಾನೂ ಬುದ್ಧಿವಂತನಂತೆ ಪಕ್ಕದಲ್ಲಿ ಕೂತೆ.

"ಒಬ್ರಾದ್ರೂ ಸೈಕಲ್ ಮೇಲೆ ಕೂತಿದಾರಾ ಮಾರಾಯ್ರೇ? ಎಲ್ಲ ನೀರಲ್ಲಿ ಹೋಮ ಆಯ್ತು," ಎಂದರು ಗೌಡರು.

ಅಷ್ಟರಲ್ಲಿ ಸರೋಜಕ್ಕ ಸೈಕಲ್ ತಳ್ಳುತ್ತ ಏದುಸಿರು ಬಿಡುತ್ತ ಬಂದರು. ಪೇಟೆಯ ಟೈಲರ್ ಅಂಗಡಿಯಲ್ಲಿ ಹೊಲಿಯುವ ಅವರು ತಲೆ ನರೆತ ಮೇಲೆ ನಮ್ಮಲ್ಲೇ ಸೈಕಲ್ ಕಲಿತು, ಸಂಘ ಕೊಟ್ಟ ಸೈಕಲ್ಲಿನಲ್ಲೇ ಓಡಾಡುವವರು.

"ಏನ್ ಸರೋಜಕ್ಕ, ತುಳಿಯೋದು ಬಿಟ್ಬಿಟ್ರಾ?"

"ಈ ಏರಲ್ಲಿ ತುಳಿಯೋಕೆ ನನಗೇನು ಹುಚ್ಚಾ ಗೌಡ್ರೇ? ಬೆಳಿಗ್ಗೆ ಬನ್ನಿ, ನಾನು ಇಳಿಯೋದು ನೋಡಿ!"

ಸೈಕಲ್ ವಾಪಸಿನ ಮಾತನ್ನು ಗೌಡರು ಮೆಲ್ಲನೆ ತಿಳಿಸಿದರು. ಸರೋಜಕ್ಕನ ನಗು ಇಂಗಿತು. ಪೇಟೆಗೆ ಹೋಗುವ ಬಾಡಿಗೆ ಜೀಪು ತುಂಬುವವರೆಗೆ ಕಾದು, ಕೆಲಸಕ್ಕೆ ತಡವಾಗಿ, ಬೈಸಿಕೊಳ್ಳುತ್ತಿದ್ದ ಹಳೆಯ ಬೆಳಗುಗಳು ಅವರಿಗೆ ನೆನಪಾಗಿರಬೇಕು. ಎಷ್ಟು ಜನ ಸವಾರರಾದರು ಎಂದು ಕೇಳುವ ನಾವು, ಸವಾರಿ ಒಬ್ಬರ ಬದುಕಿನಲ್ಲಿ ಎಲ್ಲಿ ಸೇರಿಕೊಂಡಿದೆ ಎಂದು ಕೇಳಿಯೇ ಇರಲಿಲ್ಲ.

"ನಿಮ್ಮ ಸೈಕಲ್ಲು, ತಗೊಳ್ಳಿ," ಎಂದರು ಅವರು. "ಒಂದು ವಾರ ತಡೀರಿ, ಅಷ್ಟೇ. ಪಕ್ಕದ್ಮನೆ ಲಲಿತಂಗೆ ಕಲಿಸ್ತಾ ಇದೀನಿ. ಬ್ಯಾಲೆನ್ಸ್ ಬಂತು, ಬ್ರೇಕ್ ಹಿಡಿಯೋದು ಇನ್ನೂ ಬಂದಿಲ್ಲ. ಅರ್ಧಕ್ಕೇ ಬಿಟ್ರೆ ಮತ್ತೆ ಹತ್ತೋಕೆ ಹೆದರ್ತಾಳೆ."

ಗೌಡರು ಟೀ ಲೋಟ ಕೆಳಗಿಟ್ಟರು. ಎದ್ದುಹೋಗಿ ಸೈಕಲ್ಲಿನ ಕ್ಯಾರಿಯರಿಗೆ ಕೈಹಚ್ಚಿ, ಸರೋಜಕ್ಕನ ಜೊತೆ ಉಳಿದ ಏರಿನಲ್ಲಿ ಅದನ್ನು ತಳ್ಳತೊಡಗಿದರು. "ವಾಪಸೂ ಇಲ್ಲ, ಗೀಪಸೂ ಇಲ್ಲ," ಎಂದು ಅವರು ಗೊಣಗುವುದು ನನಗೆ ಕೇಳಿಸಿತು. "ಮೊದ್ಲು ಆ ಹುಡುಗಿಗೊಂದು ಸೈಕಲ್ ಕೊಡ್ಬೇಕು."