ಎಡಕ್ಕೆ ತಿರುಗಿದ ಲೆಕ್ಕ

ನನ್ನ ಲ್ಯಾಕ್ರಾಸ್ ಆಟದ ನೋಟ್‌ಬುಕ್ಕಿನಲ್ಲಿ ಅವಳೊಬ್ಬಳಿಗೇ ಮೂವತ್ತೊಂದು ಪುಟಗಳಿವೆ. ಕಾಲೇಜು ತಂಡದಲ್ಲಿ ಅವಳದು ಹದಿನೇಳನೇ ನಂಬರಿನ ಜರ್ಸಿ. ಕೋಲಿನ ತುದಿಯ ಪುಟ್ಟ ಬಲೆಯಲ್ಲಿ ಚೆಂಡು ಹಿಡಿದು ಅವಳು ಓಡುವಾಗ ಅದು ಬೀಳಬಹುದೆಂದು ಯಾರಿಗೂ ಅನಿಸುತ್ತಿರಲಿಲ್ಲ. ನಾನು ಹೈಸ್ಕೂಲ್ ತಂಡದಲ್ಲಿ ಆಡುತ್ತೇನೆ. ಕಳೆದ ಸೀಸನ್ನಿನಲ್ಲಿ ನನ್ನ ಕೋಲಿನಿಂದ ಚೆಂಡು ಬಿದ್ದದ್ದು ನಲವತ್ತಮೂರು ಸಲ.

ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕಿ ಎಣಿಸುವುದನ್ನು ಕಲಿಸಿದ್ದು ಅಪ್ಪ. ಅವರು ವಿಕ್ಸಮ್ ಊರಿನ ಕಾರಿನ ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಾರೆ. ಅಲ್ಲಿ ಸರಿಯಾಗಿರುವುದಕ್ಕೆ ಗುರುತು ಹಾಕುವುದಿಲ್ಲ, ಕೆಟ್ಟದ್ದಕ್ಕೆ ಮಾತ್ರ ಗೆರೆ.

ಹೋದ ವರ್ಷ ಹದಿನೇಳನೇ ನಂಬರಿನವಳ ಬಲಮೊಣಕಾಲಿಗೆ ಆಪರೇಷನ್ ಆಗಿ, ಇಡೀ ಸೀಸನ್ ಅವಳು ಹೊರಗೇ ಕೂತಿದ್ದಳು. ಈ ವಸಂತದ ಸೀಸನ್ ಕಾಲೇಜಿನಲ್ಲಿ ಅವಳ ಕೊನೆಯದು. ಎರಡನೇ ಪಂದ್ಯದ ಹೊತ್ತಿಗೆ ಅಪ್ಪನಿಗೆ ನನ್ನ ಮೇಲೆ ಬೇಸರ ಬಂತು.

"ಏನವಾ, ಬರೇ ಗೆರಿ ಎಳ್ಯಾಕತ್ತೀ. ಆಟಾ ನೋಡ ಸ್ವಲ್ಪ."

"ನೋಡ್ತಾನೇ ಇದೀನಿ ಅಪ್ಪಾ. ಶೀ ಈಸ್ ನಾಟ್ ಗೋಯಿಂಗ್ ಲೆಫ್ಟ್. ಎಡಕ್ಕೆ ತಿರುಗ್ಬೇಕಂದ್ರೆ ಬಲಗಾಲು ಊರ್ಬೇಕು."

ಅಪ್ಪ ಸ್ವಲ್ಪ ಹೊತ್ತು ನೋಡಿದರು. "ಹೌದಲ್ಲಾ. ಅಂಜಾಕತ್ತಾಳ, ಪಾಪ."

ಐದು ಪಂದ್ಯಗಳಲ್ಲಿ ಅವಳು ತಿರುಗಿದ್ದು ಬಲಕ್ಕೆ ಮೂವತ್ತೆಂಟು ಸಲ, ಎಡಕ್ಕೆ ಸೊನ್ನೆ. ಗೋಲುಗಳು ನಾಲ್ಕು, ಮೂರು, ಮೂರು, ಒಂದು, ಸೊನ್ನೆ. ಎದುರಾಳಿಗಳಿಗೂ ಗುಟ್ಟು ತಿಳಿದು, ಅವಳ ಬಲಗಡೆಯೇ ನಿಲ್ಲತೊಡಗಿದ್ದರು. ಆರನೇ ಪಂದ್ಯದಲ್ಲಿ ಕೋಚ್ ಅವಳನ್ನು ಬೆಂಚಿನಲ್ಲಿ ಕೂರಿಸಿದರು. ಹೀಗೇ ಆದರೆ ತಮ್ಮೂರಿನ ಮೈದಾನದ ಕೊನೆಯ ಪಂದ್ಯವನ್ನೂ ಅವಳು ಕೂತೇ ನೋಡಬೇಕಿತ್ತು.

ಏಪ್ರಿಲ್ 12, ಶನಿವಾರ. ಆ ಆರನೇ ಪಂದ್ಯ ಮುಗಿದ ಮೇಲೆ ಬೇಲಿಯ ಹತ್ತಿರ ಹಸ್ತಾಕ್ಷರಕ್ಕೆ ಸಾಲು ನಿಂತಿತ್ತು. ಉಳಿದವರು ಪೋಸ್ಟರ್ ಚಾಚಿದರು, ನಾನು ನೋಟ್‌ಬುಕ್ ಚಾಚಿದೆ. ನನಗದು ಅಭಿಮಾನದ ಪುರಾವೆ. ಅದು ಸರಿಯಾಗಿ ಬಲ-ಎಡದ ಲೆಕ್ಕವಿದ್ದ ಪುಟಕ್ಕೇ ತೆರೆದುಕೊಂಡಿತು.

"ಇದೆಲ್ಲಾ ನೀನೇ ಎಣಿಸಿದ್ದಾ?" ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

"ಹೌದು."

"ಎಡಗಡೆ ಒಂದೂ ಇಲ್ವಾ?"

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳು ಸೊನ್ನೆಯ ಕೆಳಗೆ ಸಹಿ ಹಾಕಿ ಪುಸ್ತಕ ಮುಚ್ಚಿ ಕೊಟ್ಟಳು. ನಗಲಿಲ್ಲ.

ವಾಪಸ್ ಬರುವಾಗ ಹೆದ್ದಾರಿಯಲ್ಲಿ ಕ್ಯಾಂಟನ್ ಎಕ್ಸಿಟ್ ಬರುವವರೆಗೂ ನಾನು ಕಾರಿನಲ್ಲಿ ಅಳುತ್ತಲೇ ಇದ್ದೆ. ಅಪ್ಪ ರೇಡಿಯೊ ಆರಿಸಿದರು. "ನಾ ಒಂದು ಪಾರ್ಟ್ ರಿಜೆಕ್ಟ್ ಮಾಡಿದ್ರ ಅದಕ್ಕೇನು ಬ್ಯಾಸರ ಆಗೂದಿಲ್ಲ. ಆಕಿ ಮನಷ್ಯಾಳು. ಮುಂದಿನ ಸಲ ಸಾರಿ ಕೇಳು."

ಏಪ್ರಿಲ್ 26, ನಲವತ್ತೊಂದು ಡಿಗ್ರಿ ಫ್ಯಾರನ್‌ಹೀಟ್ ಚಳಿ, ಗಾಳಿ. ಅವಳ ಊರಿನ ಮೈದಾನದ ಕೊನೆಯ ಪಂದ್ಯ. ನೋಟ್‌ಬುಕ್ಕನ್ನು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದೆ. ಮೊದಲರ್ಧ ಅವಳು ಬೆಂಚಿನಲ್ಲೇ ಇದ್ದಳು. ಕೊನೆಯ ಹತ್ತು ನಿಮಿಷಕ್ಕೆ ಇಳಿದಾಗ ತಂಡ ಒಂದು ಗೋಲಿನಿಂದ ಹಿಂದಿತ್ತು. ಎದುರಾಳಿ ಹುಡುಗಿ ವಾಡಿಕೆಯಂತೆ ಬಲಗಡೆ ಅಡ್ಡ ನಿಂತಳು. ಹದಿನೇಳನೇ ನಂಬರಿನವಳು ಬಲಗಾಲು ಊರಿದಳು. ಬೂಟು ಹುಲ್ಲನ್ನು ಕಚ್ಚಿದ್ದು ಕಾಣಿಸಿತು. ಎಡಕ್ಕೆ ತಿರುಗಿ, ಖಾಲಿ ಜಾಗದಲ್ಲಿ ಮೂರು ಹೆಜ್ಜೆ ಓಡಿ ಎಸೆದಳು. ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಗೆ ಹಾರಿತು. ತಂಡ ಸೋತಿತು. ಆದರೆ ಅವಳು ವಾಪಸ್ ಓಡುವಾಗ ಎರಡೂ ಕಾಲು ಒಂದೇ ಸಮ ಬೀಳುತ್ತಿದ್ದವು.

ಬೇಲಿಯ ಹತ್ತಿರ ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು: "ಬರ್ಕೊಂಡ್ಯಾ?"

"ಪುಸ್ತಕ ತಂದಿಲ್ಲ. ಅವತ್ತಿಂದು... ಸಾರಿ."

"ಸಾರಿ ಯಾಕೆ? ಎರಡು ವಾರ ಎಡಗಡೆ ಮಾತ್ರ ಪ್ರಾಕ್ಟೀಸ್ ಮಾಡಿದೀನಿ. ಅದು ನಿನ್ನ ಲೆಕ್ಕಕ್ಕೆ ಸೇರ್ಬೇಕು ನಂಗೆ!"

ಅಪ್ಪ ಜಾಕೆಟ್ಟಿನ ಜೇಬಿನಿಂದ ಪಾರ್ಕಿಂಗ್ ಚೀಟಿ ತೆಗೆದರು. ಅದರ ಹಿಂದೆ ಪೆನ್ಸಿಲಿನಲ್ಲಿ 'ಎಡ' ಎಂದು ಬರೆದು, ಮುಂದೆ ಒಂದೇ ಒಂದು ಗೆರೆ ಎಳೆದಿದ್ದರು. ಅವಳು ಅದರ ಪಕ್ಕದಲ್ಲೇ ಸಹಿ ಹಾಕಿದಳು.