ಪಂಚೆಯ ಮೇಲೆ ಕಂಡ ಕಾಗೆ

ಮೊದಲೇ ಹೇಳಿಬಿಡುತ್ತೇನೆ, ಇದು ನಡೆದದ್ದು. ನಂಬದವರು ನಂಬಬೇಡಿ, ನನಗೇನೂ ನಷ್ಟವಿಲ್ಲ. ಬಿಳಿ ಸೀರೆ, ಗೆಜ್ಜೆ ಸದ್ದು, ಹುಣಸೆ ಮರ ಇಲ್ಲದಿದ್ದರೆ ಹೆದರಿಕೆಯೇ ಆಗದ ಜನಕ್ಕೆ ಇಲ್ಲಿ ಅಂಥದ್ದೇನೂ ಸಿಗುವುದಿಲ್ಲ. ಲಕ್ಷ್ಮೀಪುರಂನ ನಮ್ಮ ನಡುಮನೆ, ಸಂಜೆ ಏಳೂವರೆ, ಇಪ್ಪತ್ತು ಜನ, ಕಾಫಿ, ಕೋಡುಬಳೆ... ಅಷ್ಟೇ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಅವತ್ತೂ ತಾತ್ಸಾರ, ಇವತ್ತೂ ತಾತ್ಸಾರ.

ಆದರೂ ಆ ಸಂಜೆ ಕಂಡದ್ದನ್ನು ಕಂಡಿಲ್ಲ ಎನ್ನಲಾರೆ.

ಅರವತ್ತರ ದಶಕದ ಮಾತು. ನಮ್ಮಣ್ಣ ಶ್ರೀಕಂಠ ಲಂಡನ್ನಿನಲ್ಲಿ ಮೂರು ವರ್ಷ ಇಂಜಿನಿಯರ್ ಕೆಲಸ ಮಾಡಿ, ವಿಮಲತ್ತಿಗೆಯ ಜೊತೆ ಊರಿಗೆ ವಾಪಸ್ಸು ಬಂದಿದ್ದ. ಬರುವಾಗ ಒಂದು ಪ್ರೊಜೆಕ್ಟರ್ ತಂದಿದ್ದ, ಡಬ್ಬಿಗಟ್ಟಲೆ ಬಣ್ಣದ ಸ್ಲೈಡುಗಳನ್ನು ತಂದಿದ್ದ, ಮೂಗಿನಲ್ಲಿ ಆಡುವ ಇಂಗ್ಲಿಷ್ ತಂದಿದ್ದ. ತರದೇ ಬಂದದ್ದು ನಾಚಿಕೆ ಒಂದೇ ಎಂದು ನಾನು ಅಂದುಕೊಂಡೆ.

ಯಾಕೆಂದರೆ ಅದಕ್ಕೆ ಎಂಟು ತಿಂಗಳ ಹಿಂದೆ ನಮ್ಮಪ್ಪ ತೀರಿಕೊಂಡಾಗ ಈ ಗಂಡ ಹೆಂಡತಿ ಸ್ಪೇನ್ ದೇಶದ ದಕ್ಷಿಣದಲ್ಲಿ ಬಾಡಿಗೆ ಕಾರು ಹಿಡಿದು ಹಾಯಾಗಿ ಸುತ್ತುತ್ತಿದ್ದರು. ಎಲ್ಲಿ ಇಳಿಯುತ್ತಾರೆ ಎಂದು ಅವರಿಗೇ ಗೊತ್ತಿರಲಿಲ್ಲ, ಇನ್ನು ನಮಗೇನು ಗೊತ್ತು? ನಾನು ಕೊಟ್ಟ ತಂತಿ ಲಂಡನ್ನಿನ ಅವರ ಕೋಣೆಯ ಬಾಗಿಲ ಸಂದಿಯಲ್ಲಿ ಎರಡು ವಾರ ಬಿದ್ದಿತ್ತು. ಕೊನೆಯ ಮೂರು ದಿನ ಅಪ್ಪನ ಬಾಯಲ್ಲಿ ಒಂದೇ ಮಾತು. "ದೊಡ್ಡೋನು ಹೊರಟ್ನಾ?" ನೀರು ಕುಡಿಸುತ್ತಿದ್ದವನು, ಮೈ ಒರೆಸುತ್ತಿದ್ದವನು ನಾನು. ಕೇಳುತ್ತಿದ್ದದ್ದು ಅವನನ್ನು.

ಕರ್ಮವನ್ನೂ ನಾನೇ ಹಿಡಿದೆ. ಹತ್ತನೇ ದಿನ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಕಾಗೆಗೆ ಪಿಂಡ ಇಟ್ಟು ಕೂತೆವು. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ, ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಪಕ್ಕದವರ ಪಿಂಡಕ್ಕೆ ಕಾಗೆಗಳು ಕಿತ್ತಾಡಿ ತಿನ್ನುತ್ತಿದ್ದವು. ನಮ್ಮದರ ಹತ್ತಿರ ಒಂದೂ ಸುಳಿಯಲಿಲ್ಲ.

"ಮನೆ ದೇವರ ಪೂಜೆ ಬಿಡಲ್ಲ ಅಪ್ಪ," ಎಂದೆ. ಬರಲಿಲ್ಲ. "ಇನ್ನು ಮೇಲೆ ಸಿಡುಕೋದಿಲ್ಲ," ಎಂದೆ. ಬರಲಿಲ್ಲ.

ಜೊತೆಗೆ ಬಂದಿದ್ದವರು ನಮ್ಮ ಸೋದರಮಾವ, ತೀರಿಹೋದ ಅಮ್ಮನ ತಮ್ಮ. ಬಿಸಿಲಿಗೆ ವಲ್ಲಿಯನ್ನು ತಲೆಗೆ ಹಾಕಿಕೊಂಡು ಕಿವಿಯಲ್ಲಿ ಹೇಳಿದರು. "ನಿಮ್ಮಣ್ಣನ ಹೆಸರು ಹೇಳೋ. ಅವನನ್ನ ಕರೆಸ್ತೀನಿ ಅನ್ನು, ಒಂದ್ಸಲ ಅಂದ್ಬುಡು."

ನಾನು ಅನ್ನಲಿಲ್ಲ. ಸಮುದ್ರದ ದಂಡೆಯಲ್ಲಿ ಮೈ ಕಾಯಿಸಿಕೊಳ್ಳುತ್ತಿರುವವನ ಹೆಸರನ್ನು ನಾನು ಯಾಕೆ ಹೇಳಬೇಕು? ಮಧ್ಯಾಹ್ನ ಮೂರು ಗಂಟೆ ದಾಟಿತು. ಕೊನೆಗೆ ಪುರೋಹಿತರೇ ಬೇಸತ್ತು ದರ್ಭೆಯಲ್ಲಿ ಒಂದು ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸಿದರು. ಆಗ ಗಂಟೆ ಮೂರೂವರೆ.

ಅಣ್ಣನಿಗೆ ಮಾತ್ರ ನಾನು ಬೇರೆಯೇ ಬರೆದೆ. "ಎಲ್ಲ ಸಾಂಗವಾಗಿ ನಡೆಯಿತು. ಪಿಂಡ ಇಟ್ಟ ಕೂಡಲೇ ಕಾಗೆ ಬಂದು ಮುಟ್ಟಿತು." ಅಂದರೆ, ನೀನಿಲ್ಲದಿದ್ದರೂ ಅಪ್ಪನಿಗೇನೂ ಕೊರತೆಯಾಗಲಿಲ್ಲ ಎಂದು ಅರ್ಥ. ಅದನ್ನು ಓದಿ ಅವನಿಗೆ ಚುರುಕ್ಕೆನ್ನಲಿ ಎಂದೇ ಬರೆದದ್ದು. ಮಾವನ ಬಾಯನ್ನೂ ಕಟ್ಟಿಹಾಕಿದ್ದೆ.

ಅಪ್ಪ ಸತ್ತ ಮನೆಯಲ್ಲಿ, ವರ್ಷ ಕಳೆಯುವ ಮೊದಲೇ ಅಣ್ಣನ ಸ್ಪೇನ್ ಪ್ರವಾಸದ ಪ್ರದರ್ಶನ! ಲಕ್ಷ್ಮೀಪುರಂನ ಅರ್ಧ ಬೀದಿ ಬಂದು ಕೂತಿತು. ಸರಸ್ವತಿಪುರಂನಿಂದ ಅತ್ತಿಗೆಯ ಕಡೆಯವರು. ಎಲ್ಲರೂ ಪ್ರೊಜೆಕ್ಟರನ್ನು ದೇವರ ಪೆಟ್ಟಿಗೆ ನೋಡುವಂತೆ ನೋಡುತ್ತಿದ್ದರು.

ಪರದೆಗೆ ಬಿಳಿ ಬಟ್ಟೆ ಬೇಕಾಯಿತು. ಅತ್ತಿಗೆ ಬೀರುವಿನಿಂದ ಒಂದು ಪಂಚೆ ತಂದು ಗೋಡೆಗೆ ಬಿಗಿದರು. ದೀಪ ಆರಿಸುವ ಹೊತ್ತಿಗೆ ಅಂಚು ಕಾಣಿಸಿತು. ಕಡ್ಡಿಯಷ್ಟು ತೆಳುವಾದ ಕೆಂಪು ಅಂಚು... ಅದು ಅಪ್ಪನ ಪಂಚೆ. ಅರಮನೆ ಕಚೇರಿಗೆ ಹೋಗುವಾಗ ಉಡುತ್ತಿದ್ದದ್ದು. ಅಪ್ಪನ ಬಟ್ಟೆಗಳನ್ನೆಲ್ಲ ದಾನ ಕೊಟ್ಟಿದ್ದೆವು. ಇದೊಂದು ಮಾತ್ರ ಅಗಸರ ಮನೆಯಲ್ಲಿ ಉಳಿದು, ಆಮೇಲೆ ಬಂದು ಬೀರು ಸೇರಿತ್ತು.

"ಅತ್ತಿಗೆ, ಅದು..." ಎಂದೆ.

"ಸುಮ್ನಿರಿ ಕಣ್ರೀ, ಇದರಷ್ಟು ಬೆಳ್ಳಗಿರೋ ಬಟ್ಟೆ ಮನೇಲಿ ಇನ್ನೊಂದಿಲ್ಲ," ಎಂದರು. ಪಾಪ, ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಬಹುದಿತ್ತು. ಮಾಡಿಕೊಳ್ಳಲಿ ಎಂದು ಸುಮ್ಮನಾದೆ.

ಶುರುವಾಯಿತು. ಮಾಲಗ, ಗ್ರನಾಡ, ರೋಂಡ ಎಂದು ಒಂದೊಂದೇ ಊರು. ಎಡಗಡೆ ಸ್ಟಿಯರಿಂಗ್ ಇರುವ ಪುಟ್ಟ ಕಾರಿಗೆ ಒರಗಿ ನಿಂತ ಅಣ್ಣ, ಕಪ್ಪು ಕನ್ನಡಕ. ಕಿತ್ತಳೆ ಮರದ ಕೆಳಗೆ ಅತ್ತಿಗೆ. ಬೆಟ್ಟದ ಮೇಲೆ ಸುಣ್ಣ ಬಳಿದ ಮನೆಗಳ ಊರು, ಅದನ್ನು ನೋಡಿ ಇಪ್ಪತ್ತು ಬಾಯಿಗಳಿಂದ "ಆಹಾ". ಸುಣ್ಣ ಬಳಿದ ಮನೆ ನೋಡಬೇಕಾದರೆ ಇಲ್ಲೇ ಪಕ್ಕದ ಹಳ್ಳಿ ಹಿನಕಲ್‌ಗೆ ಹೋಗಿದ್ದರೆ ಸಾಕಿತ್ತಲ್ಲ ಎಂದು ನಾನು ಮನಸ್ಸಿನಲ್ಲೇ ನಕ್ಕೆ.

"ನಮಗೇನೂ ಅವಸರ ಇರ್ಲಿಲ್ಲ ನೋಡಿ," ಅಣ್ಣ ಪ್ರತಿ ಸ್ಲೈಡಿಗೂ ಹೇಳುತ್ತಿದ್ದ. "ಎಲ್ಲಿ ಚೆನ್ನಾಗಿದ್ಯೋ ಅಲ್ಲಿ ನಿಲ್ಲೋದು, ಎದ್ದಾಗ ಹೊರಡೋದು."

ಅವಸರ ಇದ್ದದ್ದು ಅಪ್ಪನಿಗೆ, ಎಂದುಕೊಂಡೆ. ಆಗಲೇ ಮೂಗಿಗೆ ಬಡಿಯಿತು... ನಶ್ಯದ ವಾಸನೆ.

ಅಪ್ಪ ಹಾಕುತ್ತಿದ್ದ ನಶ್ಯ. ಆ ನಡುಮನೆಯಲ್ಲಿ ನಶ್ಯ ಹಾಕುವವರು ಯಾರೂ ಇರಲಿಲ್ಲ. ಪಂಚೆಯದ್ದಿರಬೇಕು, ಬಲ್ಬಿನ ಶಾಖಕ್ಕೆ ಹೊರಬಂದಿದೆ ಎಂದು ನನಗೆ ನಾನೇ ವಿಜ್ಞಾನ ಹೇಳಿಕೊಂಡೆ. ಪಂಚೆ ಇದ್ದದ್ದು ಬಲ್ಬಿನಿಂದ ಹನ್ನೆರಡು ಅಡಿ ದೂರದಲ್ಲಿ.

"ಇದು ನೋಡಿ, ಇದು ಮಜಾ!" ಎಂದ ಅಣ್ಣ. ಟಕ್ ಎಂದು ಸ್ಲೈಡು ಬಿತ್ತು.

ನೀಲಿ ಸಮುದ್ರ. ಬಂಡೆಯ ಮೇಲೆ ಸ್ಟೀಲ್ ಡಬ್ಬಿ. ಅಣ್ಣ ಬಲಗೈ ಮುಂದೆ ಚಾಚಿದ್ದಾನೆ, ಅಂಗೈಯಲ್ಲಿ ಉಂಡೆ ಮಾಡಿದ ಮೊಸರನ್ನ. ಆ ಉಂಡೆಗೆ ಕೊಕ್ಕು ಹಾಕಿರುವ ಒಂದು ಕಾಗೆ.

"ರಾತ್ರಿ ಇಳ್ಕೊಂಡಿದ್ದ ಮನೆಯೋರ ಒಲೇಲಿ ಅನ್ನ ಮಾಡಿದ್ದೆ," ಅತ್ತಿಗೆ ಹೇಳುತ್ತಿದ್ದರು. "ಇವರು ತುತ್ತು ಕಟ್ಟಿದ್ರೋ ಇಲ್ವೋ, ಎಲ್ಲಿತ್ತೋ ಏನೋ, ಬಂದ್ಬುಡ್ತು. ಕೈಯಿಂದ್ಲೇ ಕಿತ್ಕೊಂಡು ತಿಂತು. ಸ್ವಲ್ಪಾನೂ ಹೆದರಿಕೆ ಇಲ್ಲ!"

ಎಲ್ಲರೂ ನಕ್ಕರು. ನಾನು ಆ ಕಾಗೆಯ ಕಾಲನ್ನೇ ನೋಡುತ್ತಿದ್ದೆ.

ಅಪ್ಪ ದಿನಾ ಮಧ್ಯಾಹ್ನ ಊಟಕ್ಕೆ ಕೂರುವ ಮೊದಲು ಕಾಂಪೌಂಡ್ ಗೋಡೆಯ ಮೇಲೆ ಒಂದು ತುತ್ತು ಇಟ್ಟು ಕರೆಯುತ್ತಿದ್ದರು. ಬರುತ್ತಿದ್ದದ್ದು ಒಂದೇ ಕಾಗೆ. ಬೂದು ಕುತ್ತಿಗೆ, ಎಡಗಾಲು ಮಡಚಿ ಹೊಟ್ಟೆಗೆ ಅಂಟಿಕೊಂಡ ಕುಂಟು ಕಾಗೆ. ಅಪ್ಪ ಹೋದಂದಿನಿಂದ ಅದು ಗೋಡೆಗೆ ಬಂದಿರಲಿಲ್ಲ.

ಪಂಚೆಯ ಮೇಲೆ ಇದ್ದದ್ದು ಅದೇ. ಬೂದು ಕುತ್ತಿಗೆ. ಅಣ್ಣನ ಮಣಿಕಟ್ಟಿನ ಮೇಲೆ ಒಂದೇ ಕಾಲು.

ಅಣ್ಣ ಗುಂಡಿ ಒತ್ತಿದ. ಸ್ಲೈಡು ಕದಲಲಿಲ್ಲ. ಮತ್ತೆ ಒತ್ತಿದ. ಇಲ್ಲ. "ಸ್ಲೈಡಿನ ರಟ್ಟು ಉಬ್ಬಿರಬೇಕು," ಎಂದು ಗೊಣಗಿದ. ಚಿತ್ರ ಅಲ್ಲೇ ನಿಂತಿತು. ಕಿಟಕಿಗಳೆಲ್ಲ ಮುಚ್ಚಿದ್ದವು, ಆದರೂ ಪಂಚೆ ಒಮ್ಮೆ ಉಬ್ಬಿ ಒಳಕ್ಕೆ ಹೋಯಿತು... ಉಸಿರು ಎಳೆದುಕೊಂಡ ಹಾಗೆ.

ಆಗ ಕೂಗಿತು. ಕಾ... ಒಂದೇ ಸಲ. ಹೊರಗೆ ಕಗ್ಗತ್ತಲೆ. ಆ ಹೊತ್ತಿನಲ್ಲಿ ಕಾಗೆ ಕೂಗುವುದಿಲ್ಲ. ಅದೂ ಸದ್ದು ಕಾಂಪೌಂಡ್ ಕಡೆಯಿಂದ ಬಂದಂತಿರಲಿಲ್ಲ, ಪಂಚೆ ಕಟ್ಟಿದ್ದ ಗೋಡೆಯಿಂದ ಬಂದಂತಿತ್ತು.

ಕತ್ತಲಲ್ಲಿ ಯಾರೋ ಎದ್ದು ನಿಂತರು. ಸೋದರಮಾವ. ಎರಡೂ ಕೈ ಜೋಡಿಸಿಕೊಂಡು, ಮಗುವನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿದರು.

"ತಿಂದ್ರಾ ಭಾವ? ಅಂತೂ ತಿಂದ್ಬುಟ್ರಾ?"

"ಮಾವನಿಗೆ ಜೋಂಪು," ಎಂದು ಯಾರೋ ಕಿಸಕ್ಕೆಂದರು. ಜೋಂಪಂತೆ! ಕಣ್ಣೆದುರಿಗೆ ಇದ್ದದ್ದನ್ನು ಕಾಣದೆ ಕೋಡುಬಳೆ ಕಡಿಯುತ್ತಿದ್ದ ದಡ್ಡರು. ಅಷ್ಟರಲ್ಲಿ ಸ್ಲೈಡು ತಾನೇ ಟಕ್ ಎಂದು ಹೊರಬಿತ್ತು. ಯಾರೂ ಮುಟ್ಟಿರಲಿಲ್ಲ.

ಜನ ಹೋದ ಮೇಲೆ ಆ ಸ್ಲೈಡನ್ನು ಹುಡುಕಿ ತೆಗೆದೆ. ಅತ್ತಿಗೆ ಪ್ರತಿ ರಟ್ಟಿನ ಅಂಚಿನಲ್ಲೂ ಊರು, ತಾರೀಖು ಬರೆದಿಟ್ಟಿದ್ದರು. ಅಪ್ಪನ ಹತ್ತನೇ ದಿನ.

"ಆಗ ಎಷ್ಟು ಗಂಟೆ ಅತ್ತಿಗೆ?" ಎಂದು ಸುಮ್ಮನೆ ಕೇಳುವವನಂತೆ ಕೇಳಿದೆ.

"ಬೆಳಿಗ್ಗೆ ಹನ್ನೊಂದು. ತಿಂಡಿ ಎಲ್ಲೂ ಸಿಗದೆ ಅಲ್ಲೇ ಬಂಡೆ ಮೇಲೆ ಡಬ್ಬಿ ಬಿಚ್ಚಿದ್ವಿ, ಅದಕ್ಕೇ ನೆನಪಿದೆ."

ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಹನ್ನೊಂದಕ್ಕೆ ಅದನ್ನು ಕೂಡಿಸಿ ನೋಡಿ. ನಾನು ಎರಡು ಸಲ ಕೂಡಿಸಿದೆ, ಎರಡು ಸಲವೂ ಮೂರೂವರೆ.

ಮಾವ ಹೊರಡುವಾಗ ಗೇಟಿನ ಹತ್ತಿರ ನನ್ನ ತೋಳು ಹಿಡಿದರು. "ಅವನಿಗೆ ಹೇಳ್ಬುಡು ಕಣೋ. ನಾನು ಹೇಳೋದಲ್ಲ ಇದು, ನೀನೇ ಹೇಳ್ಬೇಕು."

ಒಳಗೆ ಬಂದಾಗ ಅಣ್ಣ ಕತ್ತಲಲ್ಲೇ ಮೆಟ್ಟಿಲ ಮೇಲೆ ಕೂತಿದ್ದ. ಮೂಗಿನ ಇಂಗ್ಲಿಷ್ ಎಲ್ಲೋ ಹೋಗಿತ್ತು. "ಒಂದು ಕೇಳ್ತೀನಿ, ನಿಜ ಹೇಳು. ಅವತ್ತು ಕಾಗೆ ಮುಟ್ತಾ? ಅಪ್ಪನಿಗೆ ನನ್ನ ಮೇಲೆ ಕೋಪ ಇತ್ತೇನೋ? ನನ್ನ ಕೈಯಿಂದ ಅವರಿಗೆ ಒಂದು ತುತ್ತೂ ಹೋಗ್ಲಿಲ್ಲ ಕಣೋ..."

ನನ್ನ ಜೇಬಿನಲ್ಲಿ ಸ್ಲೈಡು ಇತ್ತು. ಒಂದು ಮಾತು ಸಾಕಿತ್ತು. ಆದರೆ ಆ ಬಿಸಿಲು, ಆ ಕಾಯುವಿಕೆ, ನಾನು ಇಟ್ಟ ಪಿಂಡ ಹಾಗೇ ಒಣಗಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಸಾವಿರಾರು ಮೈಲಿ ದೂರ ಹೋಗಿ ಅವನ ಕೈಯಲ್ಲಿ ತಿಂದರಲ್ಲ ಅಪ್ಪ! ಹೊಟ್ಟೆ ಉರಿದುಹೋಯಿತು.

"ಬರೆದಿದ್ನಲ್ಲ," ಎಂದೆ. "ಇಟ್ಟ ತಕ್ಷಣ ಮುಟ್ತು."

ಮಾವ ಈಗಿಲ್ಲ. ಅಣ್ಣ ಬೆಂಗಳೂರಿನಲ್ಲಿದ್ದಾನೆ, ಮುದುಕನಾಗಿದ್ದಾನೆ. ಪ್ರತಿ ವರ್ಷ ಅಪ್ಪನ ಶ್ರಾದ್ಧಕ್ಕೆ ಬಂದಾಗ ಅದನ್ನೇ ಕೇಳುತ್ತಾನೆ, ನಾನು ಅದನ್ನೇ ಹೇಳುತ್ತೇನೆ. ಇಷ್ಟು ಹೊತ್ತು ಅವನನ್ನು ಹೀಗಳೆದೆನಲ್ಲ, ನಮ್ಮಿಬ್ಬರಲ್ಲಿ ನಾಚಿಕೆ ಇಲ್ಲದವನು ಯಾರು ಎಂದು ನಿಮಗೆ ಈಗ ಗೊತ್ತಾಗಿರಬೇಕು.

ಸ್ಪೇನಿನಲ್ಲಿ ಬೂದು ಕುತ್ತಿಗೆಯ ಕಾಗೆ ಇದೆಯೇ ಎಂದು ಆಮೇಲೆ ಲೈಬ್ರರಿಯಲ್ಲಿ ಹುಡುಕಿದೆ. ಪುಸ್ತಕದಲ್ಲಿ ಅಲ್ಲಿಯದೆಂದು ಹೇಳಿದ್ದದ್ದು ಪೂರಾ ಕಪ್ಪು ಜಾತಿ.

ಕಳೆದ ತಿಂಗಳು ಆರೋಗ್ಯ ಕೆಟ್ಟು ಮಲಗಿದಾಗ, ಇನ್ನು ಹೇಳಿಬಿಡೋಣ ಎಂದು ಟ್ರಂಕಿನಿಂದ ಆ ಸ್ಲೈಡನ್ನು ತೆಗೆದು ಬೆಳಕಿಗೆ ಹಿಡಿದೆ. ಸಮುದ್ರ ಇತ್ತು. ಸ್ಟೀಲ್ ಡಬ್ಬಿ ಇತ್ತು. ಅಣ್ಣ ಹಾಗೇ ಕೈ ಚಾಚಿಕೊಂಡಿದ್ದ, ಅಂಗೈ ಖಾಲಿ.

ಕಾಗೆ ಇರಲಿಲ್ಲ.

ಬಣ್ಣ ಮಾಸಿರಬಹುದು ಎನ್ನಿ. ಹಾಗಾದರೆ ಸಮುದ್ರ ಯಾಕೆ ಮಾಸಲಿಲ್ಲ? ಈಗ ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಉಳಿದಿರುವುದು ನನ್ನ ಮಾತೊಂದೇ, ಇಷ್ಟು ವರ್ಷ ಸುಳ್ಳು ಹೇಳಿದ ಬಾಯಿಯ ಮಾತು.

ಅವತ್ತಿನಿಂದ ದಿನಾ ಸಂಜೆ ಕತ್ತಲಾದ ಮೇಲೆ ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಒಂದು ಕಾಗೆ ಬಂದು ಕೂರುತ್ತದೆ. ನಾನು ತುತ್ತು ಇಡುತ್ತೇನೆ. ಅದು ಮುಟ್ಟುವುದಿಲ್ಲ. ಒಂಟಿ ಕಾಲಿನಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿರುತ್ತದೆ.